ಇಗತಪುರಿಯ ಗದ್ದೆಯಲ್ಲಿ ಹೆಚ್ಚಾದ ಐದು ಗುಂಟೆ

ಕಳೆದ ಮಳೆಗಾಲದಲ್ಲಿ ಇಗತಪುರಿಯ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮುಂಬೈಯಿಂದ ನಾಸಿಕಕ್ಕೆ ರೈಲಿನಲ್ಲಿ ಹೋದವರಿಗೆ ಈ ಊರು ಗೊತ್ತಿರುತ್ತದೆ. ಕಸಾರಾ ಘಾಟ್ ಹತ್ತಿ ಮುಗಿದೊಡನೆ ಸಿಗುವ ನಿಲ್ದಾಣ. ಸುತ್ತ ಸಹ್ಯಾದ್ರಿ, ಭತ್ತದ ಗದ್ದೆ, ಬಿಡದ ಮಳೆ. ನಮ್ಮ ಮಲೆನಾಡಿನವರಿಗೆ ಇಲ್ಲಿ ಊರು ನೆನಪಾಗದೇ ಇರದು.

ಊಟ ಮುಗಿದ ಮೇಲೆ ಅಣ್ಣತಮ್ಮಂದಿರ ಪಾಲಿನ ಮಾತು ಬಂತು. ನನ್ನ ಸಹೋದ್ಯೋಗಿಯ ಪಾಲಿನ ಗದ್ದೆ ಸಾತ್‌ಬಾರಾದಲ್ಲಿ 40 ಆರ್ ಎಂದಿದೆ. ಸಾತ್‌ಬಾರಾ ಎಂದರೆ ನಮ್ಮ ಪಹಣಿ ಇದ್ದ ಹಾಗೆ. ಒಂದು ಆರ್ ಎಂದರೆ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಬದು ಸರಿದು ತಮ್ಮನ ಕಡೆಗೆ ಜಾಸ್ತಿ ಹೋಗಿದೆ ಎಂಬುದು ಅಣ್ಣನ ಅನುಮಾನ. "ನೀವು ಕಂಪ್ಯೂಟರಿನವರಲ್ಲವೇ, ಅಳೆದುಬಿಡಿ" ಎಂದರು.

ನಾನೂ ಹುರುಪಿನಿಂದ ಲ್ಯಾಪ್‌ಟಾಪ್ ತೆಗೆದೆ. ಉಪಗ್ರಹ ಚಿತ್ರದ ಮೇಲೆ ಬದುವಿನ ಗುಂಟ ಗೆರೆ ಎಳೆದು, ಬಿಂದುಗಳನ್ನು ನನ್ನದೇ ಪುಟ್ಟ ಸ್ಕ್ರಿಪ್ಟಿಗೆ ಕೊಟ್ಟೆ. ಉತ್ತರ ಬಂತು: ಸುಮಾರು 4,530 ಚದರ ಮೀಟರ್. 45 ಗುಂಟೆ! ಅಣ್ಣ ಏನೂ ಹೇಳಲಿಲ್ಲ, ಎದ್ದು ಹೋದರು. ಮರುದಿನದಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

ತಪ್ಪು ಬದುವಿನದಲ್ಲ, ನನ್ನದು ಎಂದು ತಿಳಿಯಲು ನನಗೆ ಮೂರು ದಿನ ಬೇಕಾಯಿತು.

ಭೂಮಿ ದುಂಡಗಿದೆ, ಪರದೆ ಚಪ್ಪಟೆ. ಕಿತ್ತಳೆ ಸಿಪ್ಪೆಯನ್ನು ಮೇಜಿನ ಮೇಲೆ ಹರಿಯದೆ ಹಾಸಲು ಆಗುವುದಿಲ್ಲ, ಎಲ್ಲೋ ಎಳೆಯಲೇಬೇಕು. ಯಾವ ಆಕಾರದ ಭೂಮಿ, ಅದನ್ನು ಹೇಗೆ ಹಾಸಿದ್ದು, ಯಾವ ಅಳತೆಯಲ್ಲಿ ಎಣಿಸುವುದು ಎಂದು ಹೇಳುವ ನಿಯಮಾವಳಿಯೇ ಕೋಆರ್ಡಿನೇಟ್ ರೆಫರೆನ್ಸ್ ಸಿಸ್ಟಮ್. ಇಂಥವು ಸಾವಿರಾರು ಇವೆ. ಗುರುತಿಗಾಗಿ ಇಪಿಎಸ್‌ಜಿ ಎಂಬ ಪಟ್ಟಿಯಲ್ಲಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ನಮಗೆ ದಿನನಿತ್ಯ ಎದುರಾಗುವವು ಮೂರು.

ಮೊದಲನೆಯದು 4326. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಭೂಮಿಯ ಮೇಲಿನ ಅಕ್ಷಾಂಶ, ರೇಖಾಂಶ. ಇಗತಪುರಿ ಇದರಲ್ಲಿ ಸುಮಾರು 19.70, 73.56. ಇವು ಕೋನಗಳು, ಮೀಟರುಗಳಲ್ಲ.

ಎರಡನೆಯದು 3857, ಅಂದರೆ ವೆಬ್ ಮರ್ಕೇಟರ್. ಮೊಬೈಲಿನಲ್ಲಿ ಬೆರಳಿನಿಂದ ಸರಿಸುವ ಹೆಚ್ಚಿನ ನಕ್ಷೆಗಳು ಇದರವೇ. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಇದು ಎಲ್ಲೆಡೆ ಹರಡಿತು. ಇಡೀ ಜಗತ್ತು ಒಂದು ಚೌಕದಲ್ಲಿ ಕೂರುತ್ತದೆ. ಆ ಚೌಕವನ್ನು ನಾಲ್ಕು, ಹದಿನಾರು ಎಂದು ತುಂಡು ಮಾಡುತ್ತ ಹೋಗುವುದು ಸುಲಭ. ಬೀದಿಗಳ ತಿರುವು, ಕಟ್ಟಡಗಳ ಆಕಾರ ಸರಿಯಾಗಿ ಕಾಣುತ್ತವೆ. ಇದಕ್ಕೆ ತೆರುವ ಬೆಲೆ ಗಾತ್ರದ್ದು. ಸಮಭಾಜಕದಿಂದ ದೂರ ಹೋದಷ್ಟೂ ಎಲ್ಲವೂ ಉಬ್ಬುತ್ತದೆ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ 14 ಪಟ್ಟು ದೊಡ್ಡದು, ಆದರೆ ಈ ನಕ್ಷೆಯಲ್ಲಿ ಎರಡೂ ಸರಿಸಮ ಕಾಣುತ್ತವೆ.

ಇಗತಪುರಿಯ ಅಕ್ಷಾಂಶದಲ್ಲಿ ಈ ಉಬ್ಬು ಉದ್ದದಲ್ಲಿ ಸುಮಾರು ಶೇ. 6, ವಿಸ್ತೀರ್ಣದಲ್ಲಿ ಸುಮಾರು ಶೇ. 13. ನಲವತ್ತಕ್ಕೆ ಶೇ. 13 ಕೂಡಿಸಿ: ನಲವತ್ತೈದು! ಅದೇ ಗದ್ದೆ ಬೆಂಗಳೂರಿನಲ್ಲಿದ್ದರೆ 42 ಗುಂಟೆ ಎನ್ನುತ್ತಿತ್ತು, ಲಂಡನ್ನಿನಲ್ಲಿ ನೂರು ದಾಟುತ್ತಿತ್ತು. ನನ್ನ ಸ್ಕ್ರಿಪ್ಟ್ ನಕ್ಷೆಯ ಮೀಟರನ್ನು ನೆಲದ ಮೀಟರ್ ಎಂದು ನಂಬಿತ್ತು.

ಮೂರನೆಯದು ಅಳೆಯಲು ತಕ್ಕದ್ದು: ಯುಟಿಎಂ. ಭೂಮಿಯನ್ನು ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಮಾಡಿ, ಒಂದೊಂದನ್ನೂ ಬೇರೆಯಾಗಿ ಹಾಸುತ್ತಾರೆ. 72ರಿಂದ 78 ಡಿಗ್ರಿ ಪೂರ್ವದ ತನಕ 43ನೇ ಪಟ್ಟಿ, ಸಂಖ್ಯೆ 32643. ನಾಸಿಕ, ಸಂಭಾಜಿನಗರ, ಧಾರವಾಡ, ಬೆಂಗಳೂರು ಎಲ್ಲವೂ ಇದರೊಳಗೆ. ಕೋಲಾರ ಮಾತ್ರ ಗೆರೆ ದಾಟಿ 44ಕ್ಕೆ ಸೇರುತ್ತದೆ. ಇದರಲ್ಲಿ ಅಳೆದರೆ ಒಂದೆಕರೆಗೆ ಒಂದು ಚದರ ಮೀಟರಿನಷ್ಟೇ ಹೆಚ್ಚುಕಡಿಮೆ. ಮತ್ತೆ ಅಳೆದೆ. 40 ಗುಂಟೆ ಬಂತು.

ಇನ್ನೆರಡು ಗುಂಡಿಗಳ ಬಗ್ಗೆಯೂ ಎಚ್ಚರ ಇರಲಿ. ಗೂಗಲ್ ಮ್ಯಾಪ್ಸ್ ಅಕ್ಷಾಂಶ ಮೊದಲು ಬರೆಯುತ್ತದೆ. ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಅದಲುಬದಲಾದರೆ ಇಗತಪುರಿ ನಾರ್ವೆಯ ಉತ್ತರದ ಕಡಲಿನಲ್ಲಿ, ಬೇರ್ ದ್ವೀಪದಿಂದ ಸುಮಾರು ನೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಬೀಳುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ.

ಹಳೆಯ ನಕ್ಷೆಯದು ಹಾಗಲ್ಲ. ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಮಹಾ ತ್ರಿಕೋನ ಸರ್ವೆಯನ್ನು ಮುಂದುವರಿಸಿದವರು ಎವರೆಸ್ಟ್. ಭಾರತದ ಹಳೆಯ ನಕ್ಷೆಗಳು 1830ರ ಎವರೆಸ್ಟ್ ಭೂಮಿಯ ಮೇಲೆ ನಿಂತಿವೆ. ಅದರ ಬಿಂದುವನ್ನು ಹಾಗೆಯೇ ಜಿಪಿಎಸ್ ನಕ್ಷೆಗೆ ಹಾಕಿದರೆ ಜಾಗ ನೂರು ಮೀಟರಿನ ಆಸುಪಾಸು ಸರಿಯಬಹುದು. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಸಾರ್ವಜನಿಕರ ಸರ್ವೆ ನಕ್ಷೆಗಳು ಡಬ್ಲ್ಯೂಜಿಎಸ್ 84, ಯುಟಿಎಂಗೆ ಬದಲಾದವು.

ಮುಂದಿನ ಭಾನುವಾರ ಮತ್ತೆ ಇಗತಪುರಿಗೆ ಹೋದೆ. ಅಣ್ಣನ ಎದುರಿಗೇ ಅವರ ಗದ್ದೆಯನ್ನೂ ನನ್ನ ಹಳೆಯ, ತಪ್ಪು ವಿಧಾನದಲ್ಲಿ ಅಳೆದೆ. ಅದೂ 45 ಗುಂಟೆ ಎಂದಿತು. ಅವರು ಪರದೆಯನ್ನೂ ನನ್ನನ್ನೂ ನೋಡಿದರು. "ಹಾಗಾದರೆ ನಾನೂ ಕಳ್ಳನೇ" ಎಂದು ನಕ್ಕರು. ನಾನು ಕ್ಷಮೆ ಕೇಳಿದೆ. ಬದುವಿನ ಮಾತು ಕಡೆಗೆ ಸರ್ಕಾರಿ ಮೋಜಣಿಗೇ ಬಿಟ್ಟಿತು, ಬಿಡಬೇಕಾದದ್ದೂ ಅಲ್ಲಿಗೇ. ಪರದೆಯ ಮೇಲೆ ಎಳೆದ ಗೆರೆ ಅಂದಾಜಿಗೆ ಸಾಕು, ತೀರ್ಪಿಗೆ ಸಾಲದು.

ಊರಿನಲ್ಲಿರುವ ಜಮೀನನ್ನು ಪರಊರಿನಿಂದ ನಕ್ಷೆಯಲ್ಲೇ ನೋಡಿಕೊಳ್ಳುವ ನಮ್ಮಂಥವರಿಗೆ ನನ್ನದೊಂದು ಮಾತು. ಆ್ಯಪ್ ಒಂದು ಸಂಖ್ಯೆ ಕೊಟ್ಟಾಗ, ಇದು ಯಾವ ಪದ್ಧತಿಯಲ್ಲಿ ಅಳೆದದ್ದು ಎಂದು ಮೊದಲು ನೋಡಿ. ಅಲ್ಲಿ 3857 ಎಂದಿದ್ದರೆ, ಊರಿಗೆ ಫೋನ್ ಮಾಡುವ ಮುಂಚೆ ಇನ್ನೊಮ್ಮೆ ಅಳೆಯಿರಿ.