ಪೆಟ್ಟು ಕಣಕಾಲಿಗೆ, ತೂತು ಮೊಣಕಾಲ ಬುಡಕ್ಕೆ

ರಾಮದುರ್ಗದ ಕಡೆಯ ಓದುಗರೊಬ್ಬರ ಪ್ರಶ್ನೆ: “ನಮ್ಮ ಅಣ್ಣಗ ಕಣಕಾಲ ನಡುವಿನ ಎಲುಬು ಮುರದೈತ್ರಿ. ಮುರಿದಲ್ಲೆ ಕೊಯ್ಯೋದು ಬಿಟ್ಟು ಮೊಣಕಾಲ ಬುಡಕ ಕೊಯ್ದು ರಾಡ್ ಹಾಕ್ಯಾರ. ಈಗ ನೋಡಿದ್ರ ಕಾಲೂರಿ ನಡೀರಿ ಅಂತಾರ. ಎಲುಬು ಇನ್ನಾ ಕೂಡೇ ಇಲ್ಲ, ನಡದ್ರ ಹೆಂಗ್ರಿ?”

ಕೇಳಬೇಕಾದ ಪ್ರಶ್ನೆಯೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ರಾಡ್ ಹಾಕಿಸಿಕೊಂಡವರು ಊರಿಗೊಬ್ಬರಾದರೂ ಸಿಗುತ್ತಾರೆ. ಕಬ್ಬಿನ ಹಂಗಾಮು ಬಂತೆಂದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯ ಕಡೆಗೆ ಹಿಂದೀಪವಿಲ್ಲದ ಟ್ರೇಲರ್‌ಗಳು ಕತ್ತಲಲ್ಲಿ ತೆವಳುತ್ತವೆ. ಕಿತ್ತೂರಿನ ಪಕ್ಕದಲ್ಲೇ 48ನೇ ರಾಷ್ಟ್ರೀಯ ಹೆದ್ದಾರಿ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್, ಬೈಕು ಎಲ್ಲ ಒಂದೇ ಕಡೆ. ಬೈಕಿನವನ ಕಣಕಾಲು ಸರಿಯಾಗಿ ಕಾರಿನ ಬಂಪರಿನ ಎತ್ತರಕ್ಕೇ ಇರುತ್ತದೆ. ಅಲ್ಲಿನ ದೊಡ್ಡ ಎಲುಬಿಗೆ ಮುಂಭಾಗದಲ್ಲಿ ಮಾಂಸದ ಹೊದಿಕೆಯೇ ಇಲ್ಲ. ಚರ್ಮ ಮುಟ್ಟಿದರೆ ಎಲುಬನ್ನೇ ಮುಟ್ಟಿದಂತೆ. ಹೀಗಾಗಿ ಮುರಿದ ತುದಿ ಚರ್ಮ ಹರಿದು ಹೊರಬರುವುದು ಇಲ್ಲಿ ಹೆಚ್ಚು. ಮಾಂಸವಿಲ್ಲದ ಕಡೆ ರಕ್ತವೂ ಕಡಿಮೆ, ಕೂಡುವುದೂ ನಿಧಾನ. ಪಕ್ಕದ ಸಣ್ಣ ಎಲುಬು ಹೊರುವ ಭಾರ ಅತ್ಯಲ್ಪ. ಅದು ಮುರಿದಿದ್ದರೂ ಸಾಮಾನ್ಯವಾಗಿ ಡಾಕ್ಟರರು ಅದರ ಗೋಜಿಗೆ ಹೋಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾಡ್ ಎಲುಬನ್ನು ಕೂಡಿಸುವುದಿಲ್ಲ. ಕೂಡಿಕೊಳ್ಳುವುದು ಎಲುಬಿನದೇ ಕೆಲಸ.

ಮನೆಗೆ ಸ್ಲ್ಯಾಬ್ ಹಾಕುವುದನ್ನು ನೋಡಿರುತ್ತೀರಿ. ಸೆಂಟ್ರಿಂಗ್‌ನವನು ಬಂದು ಹಲಗೆ ಹಾಸಿ, ಕೆಳಗೆ ಕಂಬ ಕೊಡುತ್ತಾನೆ. ಕಾಂಕ್ರೀಟು ಗಟ್ಟಿಯಾಗುವುದರಲ್ಲಿ ಆ ಹಲಗೆಯ ಪಾಲೇನೂ ಇಲ್ಲ. ಗಟ್ಟಿಯಾಗುವವರೆಗೆ ಆಕಾರ ಕೆಡದಂತೆ ಹಿಡಿದಿರುವುದಷ್ಟೇ ಅದರ ಕೆಲಸ. ರಾಡೂ ಹಾಗೆಯೇ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರಕ್ಕೆ ಮೃದುವಾದ ಗಂಟು ಬೆಳೆಯುತ್ತದೆ, ಅದಕ್ಕೆ ಸುಣ್ಣದಂಶ ಸೇರಿ ಎಕ್ಸ್‌ರೇಯಲ್ಲಿ ಬಿಳಿ ಮೋಡದ ಹಾಗೆ ಕಾಣಿಸುತ್ತದೆ. ಡಾಕ್ಟರರು ಇದಕ್ಕೆ ಕ್ಯಾಲಸ್ ಅನ್ನುತ್ತಾರೆ. ನಾಲ್ಕೈದು ತಿಂಗಳಿಗೆ ಅದೇ ಎಲುಬಾಗುತ್ತದೆ. ಅಷ್ಟರವರೆಗೆ ಕಾಲು ಸೊಟ್ಟಗಾಗದಂತೆ, ತಿರುಚದಂತೆ, ಗಿಡ್ಡಾಗದಂತೆ ರಾಡ್ ಕಾಯುತ್ತದೆ. ಆದರೆ ಹೋಲಿಕೆ ಇಲ್ಲಿಗೇ ಮುಗಿಯಿತು. ಹಸಿ ಸ್ಲ್ಯಾಬಿನ ಮೇಲೆ ಯಾರನ್ನೂ ಹತ್ತಗೊಡುವುದಿಲ್ಲ. ಹಸಿ ಎಲುಬಿಗೋ ಭಾರ ಬೇಕು. ಹೆಜ್ಜೆ ಊರಿದಾಗ ಮುರಿದ ತುದಿಗಳ ನಡುವೆ ಕಣ್ಣಿಗೆ ಕಾಣದಷ್ಟು ಅಲುಗಾಟವಾಗುತ್ತದೆ, ಆ ಒತ್ತಡವೇ ಕ್ಯಾಲಸ್ ಬೆಳೆಸುತ್ತದೆ. ಡಾಕ್ಟರು ನಡೆಯಿರಿ ಎಂದದ್ದು ಇದಕ್ಕೇ. ಚೂರುಚೂರಾಗಿದ್ದರೆ, ಕೀಲಿನವರೆಗೆ ಬಿರುಕು ಹೋಗಿದ್ದರೆ ತಡೆಯಬೇಕಾಗುತ್ತದೆ. ಎಷ್ಟು ಭಾರ, ಯಾವಾಗಿನಿಂದ ಎಂಬುದನ್ನು ಎಕ್ಸ್‌ರೇ ನೋಡಿದವರೇ ಹೇಳಬೇಕು, ಪಕ್ಕದ ಮಂಚದವರಲ್ಲ.

ಇನ್ನು ಮೊಣಕಾಲ ಬುಡದ ತೂತು. ಇದರ ಹಿಂದೆ ಗೆರ್ಹಾರ್ಡ್ ಕುಂಟ್‌ಷರ್ ಎಂಬ ಜರ್ಮನ್ ಸರ್ಜನ್ ಇದ್ದಾನೆ. 1939ರ ನವೆಂಬರಿನಲ್ಲಿ, ಕೀಲ್ ಎಂಬ ಬಂದರು ನಗರದಲ್ಲಿ, ಮುರಿದ ತೊಡೆಯೆಲುಬಿನ ಮಜ್ಜೆಯ ಕೊಳವೆಯೊಳಗೆ ಉದ್ದನೆಯ ಉಕ್ಕಿನ ಮೊಳೆ ಇಳಿಸಿದ. ಮರುವರ್ಷ ಬರ್ಲಿನ್ನಿನಲ್ಲಿ ಸರ್ಜನ್‌ಗಳ ಮುಂದೆ ವಿವರಿಸಿದಾಗ ಹಿರಿಯರು ಹುಬ್ಬೇರಿಸಿದರು; ಮಜ್ಜೆ ಹಾಳುಮಾಡಿದರೆ ಎಲುಬು ಬದುಕೀತೇ ಎಂಬುದು ಅವರ ಶಂಕೆ. ಬದುಕಿತು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ವಾಪಸು ಬಂದ ಅಮೆರಿಕದ ಸೈನಿಕರ ತೊಡೆಯ ಎಕ್ಸ್‌ರೇ ತೆಗೆದಾಗ ಒಳಗೆ ಉದ್ದನೆಯ ಲೋಹ ಕಂಡು ಅಲ್ಲಿನ ವೈದ್ಯರು ಬೆಕ್ಕಸಬೆರಗಾದರು. ಶತ್ರುದೇಶದ ವೈದ್ಯಕೀಯ ಗುಟ್ಟು ಹೀಗೆ ಕೈದಿಗಳ ಕಾಲಿನಲ್ಲೇ ಸಾಗರ ದಾಟಿತು. ರಾಡಿನ ಮೇಲೂ ಕೆಳಗೂ ಅಡ್ಡ ಸ್ಕ್ರೂ ಹಾಕಿ ಬಿಗಿಯುವ ಪದ್ಧತಿ 1970ರ ದಶಕದಲ್ಲಿ ಜರ್ಮನಿಯ ಕ್ಲೆಮ್ ಮತ್ತು ಶೆಲ್‌ಮನ್, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಗ್ರೋಸ್ ಮತ್ತು ಕೆಂಫ್ ಅವರಿಂದ ನೆಲೆಗೊಂಡಿತು.

ಮುರಿದಲ್ಲಿ ಕೊಯ್ದರೆ ಹೆಪ್ಪುಗಟ್ಟಿದ ಆ ರಕ್ತ, ಅಂದರೆ ಕ್ಯಾಲಸ್ಸಿನ ಬೀಜ, ಚೆಲ್ಲಿಹೋಗುತ್ತದೆ. ಸೋಂಕಿಗೂ ಬಾಗಿಲು ತೆರೆದಂತೆ. ಆದ್ದರಿಂದ ಮೊಣಕಾಲು ಮಡಚಿ, ಚಿಪ್ಪಿನ ಕೆಳಗೆ ಕೊಯ್ದು, ಎಲುಬಿನ ನೆತ್ತಿಯಲ್ಲಿ ತೂತು ಮಾಡುತ್ತಾರೆ. ತೆಳು ತಂತಿಯೊಂದನ್ನು ಮುರಿದ ಜಾಗ ದಾಟಿಸಿ ಕೆಳಗಿನ ತುಂಡಿಗೆ ಹೊಗಿಸುತ್ತಾರೆ. ಅದರ ಮೇಲಿಂದ ಅರ್ಧರ್ಧ ಮಿಲಿಮೀಟರ್ ದಪ್ಪ ಹೆಚ್ಚಿಸುತ್ತಾ ಕೊಳವೆ ಕೊರೆದು, ಬೆರಳು ಗಾತ್ರದ ರಾಡ್ ಇಳಿಸುತ್ತಾರೆ. ಕೊರೆದ ಎಲುಬಿನ ಹಿಟ್ಟು ಒಳಗೇ ಗೊಬ್ಬರವಾಗುತ್ತದೆ. ಕಷ್ಟವಿರುವುದು ಪಾದದ ಕಡೆಯ ಸ್ಕ್ರೂಗಳಲ್ಲಿ. ಅಡಿಗೂ ಮೀರಿದ ಆಳದಲ್ಲಿರುವ ರಾಡಿನ ತೂತು ಕಣ್ಣಿಗೆ ಕಾಣದು. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಆ ತೂತು ಮೊಟ್ಟೆಯಾಕಾರ ಬಿಟ್ಟು ಪೂರ್ತಿ ದುಂಡಗೆ ಕಾಣುವವರೆಗೆ ಕೋನ ಹೊಂದಿಸಿ ಆಮೇಲೆ ಡ್ರಿಲ್ ಇಡುತ್ತಾರೆ. ಸಿ-ಆರ್ಮ್ ಇಲ್ಲದ ಬಡ ಆಸ್ಪತ್ರೆಗಳಿಗೆಂದೇ ಅಮೆರಿಕದ ಡಾ. ಲೂಯಿಸ್ ಜರ್ಕಲ್ 1999ರಲ್ಲಿ ಸೈನ್ ಎಂಬ ಸಂಸ್ಥೆ ಕಟ್ಟಿ, ಹೊರಗಿನ ಅಳತೆಯ ತೋಳಿನಿಂದಲೇ ತೂತು ಹುಡುಕುವ ರಾಡ್ ಕೊಟ್ಟರು. ನನ್ನ ಮಟ್ಟಿಗೆ “ಇಂಪೋರ್ಟೆಡ್ ಟೈಟಾನಿಯಂ” ಎಂಬ ಹೊಗಳಿಕೆಗಿಂತ ಇದು ದೊಡ್ಡ ಆವಿಷ್ಕಾರ. ಟೈಟಾನಿಯಂ ಸ್ವಲ್ಪ ಬಾಗುತ್ತದೆ, ಎಂಆರ್‌ಐಗೂ ಅನುಕೂಲ, ನಿಜ. ಆದರೆ ಸಾಲ ಮಾಡಿ ಅದನ್ನೇ ಹಾಕಿಸಬೇಕಿಲ್ಲ; ಸ್ಟೀಲ್ ರಾಡಿನ ಮೇಲೂ ಎಲುಬು ಚೆನ್ನಾಗಿಯೇ ಕೂಡುತ್ತದೆ.

ಕೂಡಲು ತಡವಾದರೆ? ಕೆನಡಾದ ಮೋಹಿತ್ ಭಂಡಾರಿ ಮತ್ತು ಸಂಗಡಿಗರು ಕಣಕಾಲಿಗೆ ರಾಡ್ ಹಾಕಿಸಿಕೊಂಡ 1,226 ಜನರನ್ನು ಒಂದು ವರ್ಷ ಹಿಂಬಾಲಿಸಿ 2008ರಲ್ಲಿ ವರದಿ ಕೊಟ್ಟರು. ಎಲುಬು ಕೂಡಿಲ್ಲವೆಂದು ಎರಡನೇ ಆಪರೇಷನ್ನಿಗೆ ಓಡದೆ ಆರು ತಿಂಗಳು ಕಾದರೆ, ಬಹಳ ಜನಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ ಎಂಬುದು ಅದರಲ್ಲಿ ನನಗೆ ಹಿಡಿಸಿದ ಮಾತು. ಸೋಂಕು ಇದ್ದರೆ ಮಾತ್ರ ಕಾಯುವಂತಿಲ್ಲ. ಹಾಗೆಂದು ವರ್ಷಗಟ್ಟಲೆ ಕೂಡದೇ ಉಳಿದರೆ ಲೋಹವೂ ದಣಿದು ಮುರಿಯುತ್ತದೆ.

ಹಾಸಿಗೆಯ ಪಕ್ಕದ ಉಪದೇಶಗಳದ್ದೇ ಬೇರೆ ಕತೆ. “ಬ್ಯಾಳಿ ತಿನಬ್ಯಾಡ, ಕೀವು ಆಗತೈತಿ” ಎನ್ನುವವರ ಮಾತು ಕೇಳಬೇಡಿ. ಗಾಯಕ್ಕೆ ಬೇಕಾದ ಪ್ರೋಟೀನ್ ಬೇಳೆಯಲ್ಲೇ ಇದೆ. ಅಂಟಿನ ಉಂಡಿ ತಂದರೆ ತಿನ್ನಿ, ರುಚಿಗೆ. ಬೀಡಿ ಸಿಗರೇಟು ಮಾತ್ರ ಬಿಡಲೇಬೇಕು. ತಂಬಾಕು ಎಲುಬು ಕೂಡುವುದನ್ನು ತಡಮಾಡುತ್ತದೆಂಬುದರಲ್ಲಿ ಅನುಮಾನವಿಲ್ಲ. ಕೂಡಿದ ಮೇಲೆ ರಾಡ್ ತೆಗೆಸಲೇಬೇಕೆಂದಿಲ್ಲ. ಮೊಣಕಾಲೂರಿದಾಗ ನೋಯುವುದು ಸಾಮಾನ್ಯ ದೂರು. ಗುಡ್ಡದಲ್ಲಿ ದೀಡ ನಮಸ್ಕಾರ ಹಾಕುವವರಿಗೆ, ನಮಾಜು ಮಾಡುವವರಿಗೆ ಅದು ತೀರಾ ಕಾಡಿದರೆ ಒಂದೂವರೆ ವರ್ಷದ ನಂತರ ತೆಗೆಸಬಹುದು. ತೆಗೆದರೂ ನೋವು ಹೋಗಿಯೇ ತೀರುತ್ತದೆ ಎಂಬ ಖಾತ್ರಿಯಿಲ್ಲ.

ನಾಟಿ ಕಟ್ಟಿನವರನ್ನು ನಾನು ಹಳಿಯುವುದಿಲ್ಲ. ಸಣ್ಣ ಬಿರುಕು ಅವರ ಕೈಯಲ್ಲೂ ಕೂಡುತ್ತದೆ, ಹೇಳಿದೆನಲ್ಲ, ಕೂಡುವುದು ಎಲುಬಿನ ಗುಣ. ಭಯವಿರುವುದು ಬಿಗಿಯ ಬಗ್ಗೆ. ಬಿದಿರು ದಬ್ಬೆಯ ಕಟ್ಟಿರಲಿ, ಆಸ್ಪತ್ರೆಯ ಪ್ಲಾಸ್ಟರ್ ಇರಲಿ, ಒಳಗೆ ಬಾವು ಏರಿದರೆ ಮಾಂಸಖಂಡಕ್ಕೆ ರಕ್ತ ಹೋಗದೆ ಕೆಲವೇ ತಾಸಿನಲ್ಲಿ ಅದು ಸಾಯತೊಡಗುತ್ತದೆ. ಗುಳಿಗೆ ನುಂಗಿದರೂ ನೋವು ಏರುತ್ತಲೇ ಇದ್ದರೆ, ಬೆರಳು ಜೋಮು ಹಿಡಿದರೆ, ಬೆರಳನ್ನು ಬೇರೆಯವರು ಎತ್ತಿದಾಗ ಜೀವ ಹೋದಂತಾದರೆ ಬೆಳಗಾಗಲಿ ಎಂದು ಕಾಯಬೇಡಿ, ಕಟ್ಟು ಬಿಚ್ಚಿಸಿ. ಎಲುಬು ಹೊರಬಂದಿದ್ದರೆ ಅರಿಶಿಣ, ಕಾಫಿಪುಡಿ ಏನೂ ಹಾಕದೆ ಶುಭ್ರ ಬಟ್ಟೆ ಮುಚ್ಚಿ, ಕಾಲಿಗೆ ಕೋಲೊಂದನ್ನು ಆಸರೆ ಕೊಟ್ಟು, 108ಕ್ಕೆ ಕರೆಮಾಡಿ.