ಪೆಟ್ಟಿಗೆ ನಮ್ಮದು, ಬೀಗದ ಕೈ ಯಾರದು?

ಏಪ್ರಿಲ್ ಕೊನೆಗೆ ಸಂಜೆಯ ಗುಡುಗು ಶುರುವಾಯಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮೊದಲು ಆಗುವ ಕೆಲಸ ವೈಫೈ ಪೆಟ್ಟಿಗೆಯ ಪ್ಲಗ್ ಕೀಳುವುದು. ಅಂಗಳದಲ್ಲಿ ಹರವಿದ ಅಡಿಕೆಗೆ ಟಾರ್ಪಾಲು ಹೊದೆಸಲು ಒಬ್ಬರು ಓಡಿದರೆ ಪ್ಲಗ್ ಕೀಳಲು ಇನ್ನೊಬ್ಬರು ಓಡುತ್ತಾರೆ. ಟಿವಿಯ ಸರದಿ ಆಮೇಲೆ. ಸಿಡಿಲಿಗೆ ಮೋಡೆಮ್ ಸುಟ್ಟುಕೊಂಡವರು ಊರಿಗೆ ನಾಲ್ಕು ಮಂದಿಯಾದರೂ ಇರುವುದರಿಂದ ಅಷ್ಟು ಎಚ್ಚರ ಎಲ್ಲರಿಗೂ ಬಂದಿದೆ. ಆದರೆ ಆ ಪೆಟ್ಟಿಗೆಗೂ ತನ್ನದೇ ಒಂದು ಪುಟವಿದೆ, ಮೊಬೈಲಿನ ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಸಾಮಾನ್ಯವಾಗಿ ಅದು ತೆರೆದುಕೊಳ್ಳುತ್ತದೆ, ಅದರ ಪಾಸ್‌ವರ್ಡ್ ವೈಫೈ ಪಾಸ್‌ವರ್ಡಿಗಿಂತ ಬೇರೆ ಎಂದು ಹೇಳಿ ನೋಡಿ. ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ಒಂದೇ: ‘ಅದೆಲ್ಲ ಕೇಬಲಿನವರಿಗೆ ಗೊತ್ತು.’

ಹೀಗೆ ಬಿಟ್ಟುಬಿಟ್ಟರೆ ಏನಾಗುತ್ತದೆಂದು ಕರ್ನಾಟಕ ಒಮ್ಮೆ ಕಂಡಿದೆ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಸುಮಾರು 60,000 ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿ ನಡೆಯಿತು. ಸಿಕ್ಕಿಬಿದ್ದವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಪೆಟ್ಟಿಗೆಗಳು. ಬಳಕೆದಾರರ ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಳ್ಳಬೇಕಾಯಿತು. ‘ಬ್ರಿಕರ್‌ಬಾಟ್’ ಎಂಬ ಕುತಂತ್ರಾಂಶವನ್ನು ಬರೆದವನು ಇದು ನನ್ನದೇ ಕೆಲಸ ಎಂದು ಆಮೇಲೆ ಹೇಳಿಕೊಂಡ. ಅವನ ವಾದವೂ ವಿಚಿತ್ರ: ಭದ್ರತೆಯಿಲ್ಲದ ಪೆಟ್ಟಿಗೆಗಳು ಕಳ್ಳರ ಕೈಗೆ ಸಿಗುವ ಮೊದಲು ನಾನೇ ಕೆಡಿಸಿಬಿಡುತ್ತೇನೆ. ಊರಿಗೆ ಉಪಕಾರ ಮಾಡಲು ಊರಿನ ಬಾಗಿಲು ಮುರಿಯುವ ಜಾತಿ. ಆದರೂ ಬಾಗಿಲಿಗೆ ಚಿಲಕ ಇರಲಿಲ್ಲ ಎಂಬ ಅವನ ಮಾತು ಸುಳ್ಳಲ್ಲ.

ಆ ಕಾಲಕ್ಕೆ ಹಳ್ಳಿಗೆ ಇಂಟರ್ನೆಟ್ ಬರುತ್ತಿದ್ದುದು ತಾಮ್ರದ ಟೆಲಿಫೋನ್ ತಂತಿಯಲ್ಲಿ. ಈಗ ವಿದ್ಯುತ್ ಕಂಬದಿಂದ ಕಂಬಕ್ಕೆ, ಮಾವಿನ ಮರದಿಂದ ಹಲಸಿನ ಮರಕ್ಕೆ ನೇತುಬಿದ್ದ ಕಪ್ಪು ಫೈಬರ್ ಕೇಬಲ್ಲು ಚಾರ್ಮಾಡಿ, ದಿಡುಪೆ, ನಾರಾವಿ ಕಡೆಯ ತೋಟದ ಮನೆಗಳನ್ನೂ ಮುಟ್ಟುತ್ತಿದೆ. ಇದಕ್ಕೆ ವೇಗ ಕೊಟ್ಟದ್ದು ಕೊರೊನಾ ಕಾಲ. 2021ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಗುತ್ತಿಗಾರು ಕಡೆ, ಜಡಿಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ಟವರಿನ ಸಿಗ್ನಲ್ ನಂಬಿದರೆ ಆಗದು ಎಂದು ಕಂಡವರು ಫೈಬರ್ ಎಳೆಸಿಕೊಂಡರು. ಎಳೆದು ಕೊಟ್ಟವರು ಬಹಳಷ್ಟು ಕಡೆ ಮೊದಲು ಟಿವಿ ಕೇಬಲ್ ಕೊಡುತ್ತಿದ್ದ ಅದೇ ಊರಿನ ಹುಡುಗರು. ಕಂಪನಿ ಯಾವುದೇ ಇರಲಿ, ಫೋನ್ ಹೋಗುವುದು ಅವರಿಗೇ. ಆ ಮಾತುಕತೆಯೂ ಹೆಚ್ಚುಕಡಿಮೆ ಒಂದೇ ಧಾಟಿ:

‘ನೆಟ್ ಇಲ್ಲ ಮಾರಾಯಾ, ಬೆಳಿಗ್ಗೆಯಿಂದ.’

‘ಕೆಂಪು ಲೈಟ್ ಉಂಟಾ ಅಕ್ಕ?’

‘ಉಂಟು. ಮಿನುಗ್ತಾ ಉಂಟು.’

‘ಹಾಗಾದ್ರೆ ಎಲ್ಲೋ ಮರ ಬಿದ್ದಿದೆ. ನೋಡ್ತೇನೆ.’

ಕೆಂಪು ಲೈಟಿನ ಈ ಪ್ರಶ್ನೆಯ ಹಿಂದೆ ಪೂರ್ತಿ ಲೆಕ್ಕವಿದೆ. ‘ಎಲ್‌ಒಎಸ್’ ಎಂದು ಬರೆದ ದೀಪ ಕೆಂಪಾದರೆ ಬೆಳಕು ಮನೆಗೆ ಬರುತ್ತಿಲ್ಲ ಎಂದರ್ಥ; ಕೇಬಲ್ ತುಂಡಾಗಿದೆ ಅಥವಾ ಬಾಗಿ ಮುರಿದಿದೆ. ಕೆಂಪು ದೀಪವಿಲ್ಲದೆ ನೆಟ್ ಇಲ್ಲದಿದ್ದರೆ ತೊಂದರೆ ಬೇರೆ ಕಡೆ, ಬಹುಶಃ ಲಾಗಿನ್‌ನಲ್ಲಿ. ದೀಪ ಸರಿಯಿದ್ದೂ ಮಳೆಗಾಲದಲ್ಲಿ ನೆಟ್ ಬಂದು ಹೋಗಿ ಮಾಡಿದರೆ ಪೆಟ್ಟಿಗೆಯ ಪುಟದಲ್ಲಿ ಬೆಳಕಿನ ಬಲ ತೋರಿಸುವ ಸಾಲನ್ನು ನೋಡಬೇಕು. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಆರೋಗ್ಯ. ಮೈನಸ್ 27ರ ಆಚೆ ಜಾರಿದರೆ ಎಲ್ಲೋ ಜೋಡಣೆ ಕೆಟ್ಟಿದೆ ಅಥವಾ ಕೇಬಲ್ ಮಡಚಿದೆ. ಈ ಒಂದು ಅಂಕಿಯನ್ನು ಓದಿ ಫೋನಿನಲ್ಲಿ ಹೇಳಿದರೆ ಲೈನ್‌ಮ್ಯಾನ್ ಮನೆಗೆ ಬಂದು ಪೆಟ್ಟಿಗೆ ಆಫ್-ಆನ್ ಮಾಡಿ ಹೋಗುವ ಶಾಸ್ತ್ರ ತಪ್ಪುತ್ತದೆ, ಸೀದಾ ಕಂಬಕ್ಕೇ ಏಣಿ ಇಡುತ್ತಾನೆ. ಸಿಡಿಲಿನ ವಿಷಯದಲ್ಲೂ ಒಂದು ತಪ್ಪು ಸಮಾಧಾನವಿದೆ. ಫೈಬರ್ ಗಾಜು, ಅದರಲ್ಲಿ ಮಿಂಚು ಹರಿಯದು, ನಿಜ. ಆದರೆ ಕೇಬಲ್ಲಿಗೆ ಆಧಾರವಾಗಿ ಇರುವ ಲೋಹದ ತಂತಿ, ಕರೆಂಟಿನ ಅಡಾಪ್ಟರ್, ಮನೆಯಿಂದ ಕೊಟ್ಟಿಗೆಯ ಕ್ಯಾಮೆರಾಕ್ಕೆ ಎಳೆದ ನೆಟ್‌ವರ್ಕ್ ವಯರು ಗಾಜಿನವಲ್ಲ. ಪ್ಲಗ್ ಕೀಳುವವರು ಆ ವಯರನ್ನೂ ಕೀಳಬೇಕು.

ಆಪರೇಟರಿನ ಕಡೆಯ ಕಥೆ ಇನ್ನೂ ಸ್ವಾರಸ್ಯ. ಸಣ್ಣ ಇಂಟರ್ನೆಟ್ ಆಪರೇಟರುಗಳಲ್ಲಿ, ವಿದ್ಯಾರ್ಥಿಗಳ ಪಿಜಿಗಳಲ್ಲಿ, ಲಾಡ್ಜುಗಳಲ್ಲಿ ನೆಚ್ಚಿನ ರೌಟರ್ ಮೈಕ್ರೋಟಿಕ್. 1996ರಲ್ಲಿ ಲಾಟ್ವಿಯಾದ ರೀಗಾದಲ್ಲಿ ಹುಟ್ಟಿದ ಕಂಪನಿ ಅದು. ಕಡಿಮೆ ಬೆಲೆಗೆ ದೊಡ್ಡ ಕಂಪನಿಗಳ ಪೆಟ್ಟಿಗೆ ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ಕಲಿಯಲು ಮಾತ್ರ ತಾಳ್ಮೆ ಬೇಕು. ಅದನ್ನು ಆಳುವ ಸಾಫ್ಟ್‌ವೇರ್ ವಿನ್‌ಬಾಕ್ಸ್. ವಿಂಡೋಸಿನಲ್ಲಿ ಇದನ್ನು ಇನ್‌ಸ್ಟಾಲ್ ಮಾಡುವ ರಗಳೆಯೇ ಇಲ್ಲ. ಕಂಪನಿಯ ಸ್ವಂತ ತಾಣದಿಂದ ಇಳಿಸಿಕೊಂಡು ಎರಡು ಸಲ ಕ್ಲಿಕ್ಕಿಸಿದರೆ ಆಯಿತು. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಪ್ರತಿ ಬೇಡವೇ ಬೇಡ. ಲ್ಯಾಪ್‌ಟಾಪಿಗೆ ವಯರು ಸಿಕ್ಕಿಸಿ ‘ನೇಬರ್ಸ್’ ಒತ್ತಿದರೆ ಹತ್ತಿರದ ಮೈಕ್ರೋಟಿಕ್ ಪೆಟ್ಟಿಗೆಗಳೆಲ್ಲ ಸಾಲಾಗಿ ಕಾಣುತ್ತವೆ. ಐಪಿ ವಿಳಾಸ ಇನ್ನೂ ಕೊಡದ ಪೆಟ್ಟಿಗೆಯನ್ನೂ ಅದರ ಮ್ಯಾಕ್ ವಿಳಾಸ ಹಿಡಿದು ಒಳಹೊಗಬಹುದು. ಹಳೆಯ ಪೆಟ್ಟಿಗೆಗಳಿಗೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ಹೊಸವಕ್ಕೆ ಅಡಿಯ ಸ್ಟಿಕ್ಕರಿನಲ್ಲಿ ಅಚ್ಚಾಗಿ ಬರುತ್ತದೆ.

ಒಳಹೊಕ್ಕ ಮೇಲೆ ಮಾಡಬೇಕಾದ್ದು ಬೇಸರದ ಕೆಲಸ, ಅದಕ್ಕೇ ಹೆಚ್ಚಿನವರು ಮಾಡುವುದಿಲ್ಲ. ಬೇರೆ ಹೆಸರಿನ ಬಳಕೆದಾರನನ್ನು ಸೃಷ್ಟಿಸಿ ಹಳೆಯ ‘ಅಡ್ಮಿನ್’ ಅನ್ನು ಮುಚ್ಚುವುದು. ‘ಸರ್ವಿಸಸ್’ ಪಟ್ಟಿಗೆ ಹೋಗಿ ಟೆಲ್‌ನೆಟ್, ಎಫ್‌ಟಿಪಿ ಮುಂತಾಗಿ ಬೇಡದ ಬಾಗಿಲುಗಳನ್ನೆಲ್ಲ ಮುಚ್ಚುವುದು. ವಿನ್‌ಬಾಕ್ಸಿನ ಬಾಗಿಲು ತನ್ನ ಕಚೇರಿಯ ವಿಳಾಸಕ್ಕೆ ಮಾತ್ರ ತೆರೆಯುವಂತೆ ಕಟ್ಟುವುದು. ಪೆಟ್ಟಿಗೆಯೊಳಗಿನ ಸಾಫ್ಟ್‌ವೇರಾದ ರೌಟರ್‌ಓಎಸ್ ಅನ್ನು ಹೊಸ ಆವೃತ್ತಿಗೆ ಏರಿಸುವುದು, ಬಳಿಕ ನೆನಪಿಟ್ಟು ಬೋರ್ಡಿನ ಫರ್ಮ್‌ವೇರನ್ನೂ ಏರಿಸುವುದು. ಕೊನೆಗೆ ಸೆಟ್ಟಿಂಗುಗಳ ಒಂದು ಪ್ರತಿ ತೆಗೆದು ಪೆಟ್ಟಿಗೆಯ ಹೊರಗೆ ಇಡುವುದು. ಸಿಡಿಲಿಗೆ ರೌಟರ್ ಹೋದ ರಾತ್ರಿ ಆ ಕಡತವಿದ್ದವನು ಹೊಸ ಪೆಟ್ಟಿಗೆ ಕೂರಿಸಿ ಮಲಗುತ್ತಾನೆ. ಇಲ್ಲದವನು ನೂರಾರು ಗ್ರಾಹಕರ ಹೆಸರು, ಪಾಸ್‌ವರ್ಡ್ ಕೈಯಿಂದ ತುಂಬುತ್ತ ಬೆಳಗು ಮಾಡುತ್ತಾನೆ.

ವಿನ್‌ಬಾಕ್ಸಿನ ಮೂಲೆಯಲ್ಲಿ ‘ಸೇಫ್ ಮೋಡ್’ ಎಂಬ ಸಣ್ಣ ಗುಂಡಿಯೊಂದಿದೆ. ಅದನ್ನು ಒತ್ತಿ ಕೆಲಸ ಶುರುಮಾಡಿದರೆ, ನಡುವೆ ಸಂಪರ್ಕ ಕಡಿದುಹೋದಾಗ ಅಲ್ಲಿಯವರೆಗೆ ಮಾಡಿದ ಬದಲಾವಣೆಗಳೆಲ್ಲ ತಾವಾಗಿ ರದ್ದಾಗುತ್ತವೆ. ಉಜಿರೆಯಲ್ಲಿ ಕುಳಿತು ದಿಡುಪೆಯ ಗುಡ್ಡದ ಮೇಲಿನ ರೌಟರಿಗೆ ಹೊಸ ಫೈರ್‌ವಾಲ್ ನಿಯಮ ಬರೆಯುವವನು ಒಂದು ಸಾಲು ತಪ್ಪಿದರೆ ತನ್ನನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡಂತೆ. ಸೇಫ್ ಮೋಡ್ ಇಲ್ಲವಾದರೆ ಮಳೆಯಲ್ಲಿ ಬೈಕ್ ಹತ್ತಿ ಗುಡ್ಡಕ್ಕೆ ಹೋಗುವುದೊಂದೇ ದಾರಿ. ನನ್ನನ್ನು ಕೇಳಿದರೆ ಈ ಸಾಫ್ಟ್‌ವೇರಿನಲ್ಲಿ ಅತ್ಯಂತ ಬುದ್ಧಿವಂತಿಕೆಯ ಭಾಗ ಆ ಗುಂಡಿ.

ಆದರೆ ಆಳುವ ಸಾಫ್ಟ್‌ವೇರೇ ಕಳ್ಳರ ದಾರಿಯಾದ ಉದಾಹರಣೆಯೂ ಇದರದ್ದೇ. ಪಾಸ್‌ವರ್ಡ್ ಗೊತ್ತಿಲ್ಲದವನೂ ರೌಟರಿನೊಳಗಿನ ಬಳಕೆದಾರರ ಕಡತವನ್ನು ಓದಬಹುದಾದ ದೋಷವೊಂದು ವಿನ್‌ಬಾಕ್ಸ್ ಸೇವೆಯಲ್ಲಿತ್ತು. 2018ರ ಏಪ್ರಿಲ್‌ನಲ್ಲೇ ಕಂಪನಿ ತಿದ್ದಿದ ಆವೃತ್ತಿ ಬಿಟ್ಟಿತು. ಹಾಕಿಕೊಂಡವರು ಕಡಿಮೆ. ಆ ವರ್ಷದ ಆಗಸ್ಟ್ ಹೊತ್ತಿಗೆ ಬ್ರೆಜಿಲ್‌ನಿಂದ ಶುರುವಾಗಿ ಲೋಕದ 2 ಲಕ್ಷಕ್ಕೂ ಹೆಚ್ಚು ಮೈಕ್ರೋಟಿಕ್ ರೌಟರುಗಳು ಇನ್ಯಾರಿಗೋ ಕ್ರಿಪ್ಟೊ ಹಣ ದುಡಿದುಕೊಡುವ ಕೂಲಿಗಳಾಗಿದ್ದವು. ನಾಲ್ಕು ತಿಂಗಳ ಹಿಂದೆಯೇ ಬಂದ ಮದ್ದನ್ನು ಹೆಚ್ಚಿನವರು ಕುಡಿಯಲಿಲ್ಲ, ಅಷ್ಟೇ.

ಮೂಡುಬಿದಿರೆಯ ಕಥೆ ಸ್ವಲ್ಪ ಬೇರೆ. ಸುತ್ತ ಮಿಜಾರು, ತೋಡಾರುಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳು, ಊರೊಳಗೆ ವಿದ್ಯಾಗಿರಿ. ಹಾಸ್ಟೆಲು, ಪಿಜಿಗಳಲ್ಲಿ ಸಂಜೆಯಾದರೆ ಎಲ್ಲರೂ ಒಟ್ಟಿಗೆ ನೆಟ್ಟಿಗೆ ಬೀಳುತ್ತಾರೆ. ಇಲ್ಲಿ ರೌಟರ್ ನಿರ್ವಹಣೆಯೆಂದರೆ ಹಂಚಿಕೆಯ ನ್ಯಾಯ. ಒಬ್ಬನು ಸಿನಿಮಾ ಇಳಿಸಿಕೊಳ್ಳುವಾಗ ಇನ್ನೊಬ್ಬನ ವಿಡಿಯೊ ಕರೆ ನಿಲ್ಲಬಾರದೆಂದರೆ ತಲೆಗಿಷ್ಟು ವೇಗ ಎಂದು ‘ಕ್ಯೂ’ ಹಾಕಬೇಕು. ಹೆಚ್ಚು ವೇಗದ ಪ್ಲಾನಿಗೆ ಹಣ ಸುರಿಯುವ ಪಿಜಿ ಮಾಲೀಕರು ಈ ಸೆಟ್ಟಿಂಗನ್ನು ಮೊದಲು ನೋಡಿಕೊಂಡರೆ ಒಳ್ಳೆಯದು.

ಮನೆಗೆ ಬರೋಣ. ನಮ್ಮಲ್ಲಿ ವೈಫೈಗೆ ಮೊದಲ ಶತ್ರು ಮುರಕಲ್ಲಿನ ಗೋಡೆ. ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸುಸ್ತು, 2.4 ಇನ್ನೂ ಒಂದು ಕೋಣೆ ಹೆಚ್ಚು ನಡೆಯುತ್ತದೆ. ಕೇಬಲ್ ಒಳಬಂದ ಮೂಲೆಯಲ್ಲೇ ಪೆಟ್ಟಿಗೆ ತೂಗುಹಾಕಿ ಹೋಗುವುದು ಕೆಲಸದವರ ಅಭ್ಯಾಸ. ಇನ್ನಷ್ಟು ಮೀಟರ್ ಕೇಬಲ್ ಕೇಳಿ ಚಾವಡಿಯ ನಡುವಿಗೆ ಎಳೆಸಿಕೊಳ್ಳುವುದು ಯಾವ ಸಾಫ್ಟ್‌ವೇರಿಗಿಂತಲೂ ಹೆಚ್ಚಿನ ಲಾಭ. ಚಾನೆಲ್ ಬದಲಿಸಿ, 1, 6, 11ರಲ್ಲಿ ಒಂದನ್ನು ಹಿಡಿಯಿರಿ ಎಂಬ ಸಲಹೆ ಬಿ.ಸಿ.ರೋಡಿನ ಫ್ಲಾಟುಗಳಿಗೆ ಸರಿ. ಅಲ್ಲಿ ಪಕ್ಕದ ಹತ್ತು ಮನೆಯ ವೈಫೈ ಒಂದರ ಮೇಲೊಂದು ಕುಳಿತಿರುತ್ತದೆ. ಸುತ್ತ ಅಡಿಕೆ ಮರ ಬಿಟ್ಟರೆ ಬೇರೆ ನೆರೆಯಿಲ್ಲದ ಶಿಶಿಲದ ಮನೆಗೆ ಅದರಿಂದ ಏನೂ ಆಗದು.

ಇನ್ನೂ ಮುಂದೆ ಹೋಗಬೇಕೆನ್ನುವವರಿಗೆ, ರೌಟರಿನ ಕಂಪನಿ ಸಾಫ್ಟ್‌ವೇರಿನ ಬದಲು ಹಾಕಿಕೊಳ್ಳಬಹುದಾದ ಮುಕ್ತ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಇದೆ. ಲಿಂಕ್‌ಸಿಸ್ ಕಂಪನಿಯ ನೀಲಿ-ಕಪ್ಪು ರೌಟರಿನೊಳಗೆ ಲಿನಕ್ಸ್ ಇದೆಯೆಂದು 2003ರಲ್ಲಿ ಉತ್ಸಾಹಿಗಳು ಪತ್ತೆಹಚ್ಚಿದರು. ಲೈಸೆನ್ಸಿನ ಪ್ರಕಾರ ಮೂಲ ಸಂಕೇತವನ್ನು ಕೊಡಲೇಬೇಕೆಂದು ಹಟ ಹಿಡಿದರು, ಕಂಪನಿ ಕೊಟ್ಟಿತು. 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು ಅದರಿಂದ. ಕಂಪನಿ ಕೈಬಿಟ್ಟ ಹಳೆಯ ರೌಟರಿಗೂ ಇದು ಹೊಸ ಭದ್ರತೆ ಕೊಡುತ್ತದೆ. ಆದರೆ ಪೆಟ್ಟಿಗೆಯ ಹೆಸರಷ್ಟೇ ಅಲ್ಲ, ಸ್ಟಿಕ್ಕರಿನಲ್ಲಿರುವ ಆವೃತ್ತಿ ಸಂಖ್ಯೆಯೂ ಯೋಜನೆಯ ಪಟ್ಟಿಯಲ್ಲಿರಬೇಕು. 8 ಎಂಬಿ ಫ್ಲಾಶ್, 64 ಎಂಬಿ ಮೆಮೊರಿಗಿಂತ ಕಡಿಮೆಯಿದ್ದರೆ ಆಸೆ ಬಿಡಿ. ಮೊದಲ ಸಲ ‘ಫ್ಯಾಕ್ಟರಿ’ ಎಂಬ ಕಡತ, ಆಮೇಲಿನ ಸಲಗಳಿಗೆ ‘ಸಿಸ್‌ಅಪ್‌ಗ್ರೇಡ್’. ಏರಿಸುವಾಗ ಕರೆಂಟ್ ಹೋದರೆ ಪೆಟ್ಟಿಗೆ ಇಟ್ಟಿಗೆ. ಆದ್ದರಿಂದ ಯುಪಿಎಸ್ ಹಾಕಿ, ಬೆಳಗಿನ ಹೊತ್ತು ನೋಡಿ, ವೈಫೈ ಬಿಟ್ಟು ವಯರಿನಲ್ಲಿ ಮಾಡಿ. ಹೊಸ ಸಾಫ್ಟ್‌ವೇರ್ ಏರಿದ ಮೇಲೆ ವೈಫೈ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ಮೊದಲು ಪಾಸ್‌ವರ್ಡ್ ಇಡು, ದೇಶ ಭಾರತ ಎಂದು ಹೇಳು, ಆಮೇಲೆ ತೆರೆ ಎಂಬುದು ಅದರ ಕ್ರಮ.

ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳು ಊರಿನ ಮನೆಯ ರೌಟರನ್ನು ಅಲ್ಲಿಂದಲೇ ನೋಡಿಕೊಳ್ಳಬೇಕೆಂದು ‘ರಿಮೋಟ್ ಮ್ಯಾನೇಜ್‌ಮೆಂಟ್’ ತೆರೆದಿಡುವುದುಂಟು. ದಯವಿಟ್ಟು ಬೇಡ. ಮಕ್ಕಳಿಗೆ ತೆರೆದ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ. ಪೆಟ್ಟಿಗೆಯ ಹೊರ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೂರಾರು ಮನೆಗಳು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಂಡಿವೆ ಎಂದರ್ಥ. ಹೊರಗಿನಿಂದ ನೇರ ತಲುಪುವುದು ಹೇಗೂ ಆಗದು. ವೈರ್‌ಗಾರ್ಡ್‌ನಂಥ ವಿಪಿಎನ್‌ಗೆ ಮನೆಯ ಕಡೆಯಿಂದಲೇ ಸಂಪರ್ಕ ಹೊರಡುವಂತೆ ಕಟ್ಟುವುದು ಸರಿಯಾದ ದಾರಿ.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ‘ಅಡ್ಮಿನ್’ನಂಥ ಸುಲಭ ಪಾಸ್‌ವರ್ಡ್ ಇಟ್ಟು ರೌಟರ್ ಮಾರುವುದೇ ಕಾನೂನಿಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಇಂಥ ನಿಯಮ 2020ರಿಂದ ಇದೆ. ಕಾನೂನು ಏನೇ ಇರಲಿ, ನಮ್ಮ ಮನೆಯಲ್ಲಿ ಈಗಾಗಲೇ ಕೂತಿರುವ ಪೆಟ್ಟಿಗೆಗೆ ನಾವೇ ಕಾವಲು. ಹಾಗಾಗಿ ಈ ಭಾನುವಾರ ಪೆಟ್ಟಿಗೆಯನ್ನು ತಿರುಗಿಸಿ ಅಡಿಯ ಸ್ಟಿಕ್ಕರ್ ಓದಿ, ಪುಟ ತೆರೆದು ನೋಡಿ. ‘ಅಡ್ಮಿನ್, ಅಡ್ಮಿನ್’ ಹೊಡೆದು ಒಳಗೆ ಹೋಗಲು ಆದರೆ ಅಲ್ಲೇ ಬದಲಿಸಿ ಮನೆಯ ಡೈರಿಯಲ್ಲಿ ಬರೆದಿಡಿ, ಸ್ಟಿಕ್ಕರಿನ ಮೇಲೆ ಬೇಡ. ಆಗದಿದ್ದರೆ ಕೇಬಲಿನವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಪುಟದ ಪಾಸ್‌ವರ್ಡ್ ನನಗೆ ಕೊಡುತ್ತೀರಾ? ಕೊಡಲು ಕಂಪನಿ ಬಿಡದಿದ್ದರೆ ನಿಮ್ಮ ಪೆಟ್ಟಿಗೆಯನ್ನು ಸಂಪರ್ಕ ದಾಟಿಸುವುದಷ್ಟೇ ಮಾಡುವ ಬ್ರಿಜ್ ಮೋಡಿಗೆ ಹಾಕಿ, ಅದರ ಹಿಂದೆ ನನ್ನದೇ ರೌಟರ್ ಇಟ್ಟುಕೊಳ್ಳಲು ಲಾಗಿನ್ ಹೆಸರು ಕೊಡುತ್ತೀರಾ? ಊರಿನ ಹುಡುಗರೇ ಅಲ್ಲವೇ, ವಿನಯವಾಗಿ ಕೇಳಿದರೆ ಇಲ್ಲ ಎನ್ನಲಿಕ್ಕಿಲ್ಲ.