ಮೀನಿನ ತೊಟ್ಟಿಯ ಕಲ್ಲೂ ನೀರೂ

ಮೀನು ಸಾಕುವವರು ಗಾಜಿನ ತೊಟ್ಟಿಯಲ್ಲಿ ಶೋಭೆಗಾಗಿ ಇರಿಸುವ ಕಲ್ಲು ನೀರಿನೊಡನೆ ಯಾವ ವ್ಯವಹಾರವನ್ನೂ ನಡೆಸದೆ ತಟಸ್ಥವಾಗಿ ಕುಳಿತಿರುವುದೆಂಬ ಭಾವನೆ ಸಹಜವಾದರೂ, ಅದು ಎಲ್ಲ ಶಿಲೆಗಳಿಗೂ ಸಲ್ಲತಕ್ಕುದಲ್ಲ. ಬೆಣಚುಕಲ್ಲು, ಗ್ರಾನೈಟು, ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ ನೈಸ್ ಶಿಲೆ ಮೊದಲಾದವು ಕರಗುವುದು ಎಷ್ಟು ಮಂದಗತಿಯಲ್ಲೆಂದರೆ, ಮೀನಿನ ಆಯುಷ್ಯದೊಳಗೆ ಅದನ್ನು ಗಣನೆಗೆ ತರಬೇಕಾದುದಿಲ್ಲ. ಸುಣ್ಣಕಲ್ಲಿನ ಕುಲದ ರೀತಿಯೇ ಬೇರೆ. ಅಮೃತಶಿಲೆ, ಹವಳ, ಕಡಲ ಚಿಪ್ಪು, ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಮತ್ತು ಕಡಪಾ ಕಲ್ಲುಗಳು ಈ ಕುಲದವು.

ಇವುಗಳ ಮುಖ್ಯ ದ್ರವ್ಯವಾದ ಕ್ಯಾಲ್ಸಿಯಂ ಕಾರ್ಬೊನೇಟು ಕೇವಲ ಶುದ್ಧಜಲದಲ್ಲಿ ಲೀಟರಿಗೆ ಸುಮಾರು 14 ಮಿಲಿಗ್ರಾಮಿನಷ್ಟು ಮಾತ್ರ ಕರಗುತ್ತದೆ. ಆದರೆ ತೊಟ್ಟಿಯ ನೀರು ಎಂದಿಗೂ ಶುದ್ಧಜಲವಲ್ಲ. ಮೀನುಗಳ ಉಸಿರಿನಿಂದಲೂ, ಕೊಳೆಯುವ ಆಹಾರಶೇಷದಿಂದಲೂ ಹೊರಡುವ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಬೆರೆತು ದುರ್ಬಲವಾದ ಆಮ್ಲವಾಗುತ್ತದೆ. ಮೀನಿನ ವಿಸರ್ಜನೆಯಲ್ಲಿರುವ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳೂ ಆಮ್ಲವನ್ನು ಬಿಡುತ್ತವೆ. ಈ ಆಮ್ಲಗಳೇ ಕಲ್ಲನ್ನು ಕರಗಿಸಿ, ನೀರಿಗೆ ಕ್ಯಾಲ್ಸಿಯಮನ್ನೂ ಬೈಕಾರ್ಬೊನೇಟನ್ನೂ ಸೇರಿಸುತ್ತವೆ. ಮೊದಲನೆಯದರಿಂದ ನೀರು ಗಡಸಾಗುತ್ತದೆ. ಎರಡನೆಯದರಿಂದ ಆಮ್ಲಕ್ಕೆ ಎದುರು ನಿಲ್ಲುವ ಶಕ್ತಿ ಅದಕ್ಕೆ ಬಂದು, ಪಿಎಚ್ ಮೆಲ್ಲಗೆ 8ರ ಸಮೀಪಕ್ಕೆ ಏರುತ್ತದೆ.

ಆದ್ದರಿಂದ ಕಲ್ಲಿನ ಗುಣವನ್ನು ಕಲ್ಲನ್ನು ಮಾತ್ರ ನೋಡಿ ನಿರ್ಣಯಿಸಲಾಗದು ಎಂಬುದೇ ಇಲ್ಲಿ ನನಗೆ ಬಹು ಮುಖ್ಯವಾಗಿ ತೋರುವ ಸಂಗತಿ. ಮೊದಲೇ ಬಹಳ ಸುಣ್ಣವನ್ನು ತುಂಬಿಕೊಂಡಿರುವ, ಕಾಯಿಸಿದ ಹಂಡೆಯ ಒಳಮೈಯಲ್ಲಿ ಬಿಳಿಯ ಪದರ ಕಟ್ಟುವಂಥ ಕೊಳವೆಬಾವಿಯ ನೀರಿನಲ್ಲಿ ಸುಣ್ಣಕಲ್ಲು ಹೆಚ್ಚೇನೂ ಕರಗದೆ ಉಳಿಯಬಹುದು. ಅದೇ ಕಲ್ಲನ್ನು ಮೆದುವಾದ ಮಳೆನೀರಿನಲ್ಲಿ ಇಟ್ಟರೆ ಕೆಲವೇ ವಾರಗಳಲ್ಲಿ ನೀರಿನ ಸ್ವಭಾವ ಬದಲಾಗುತ್ತದೆ. ಗಾತ್ರವೂ ಲೆಕ್ಕಕ್ಕೆ ಬರುತ್ತದೆ: ಇಡಿಯಾದ ಒಂದು ಕಲ್ಲಿಗಿಂತ, ಅಷ್ಟೇ ತೂಕದ ಹವಳದ ಪುಡಿ ಬೇಗನೆ ಕರಗುತ್ತದೆ.

ಈ ಬದಲಾವಣೆ ಯಾರಿಗೆ ಹಿತ, ಯಾರಿಗೆ ಅಹಿತ? ಆಫ್ರಿಕದ ಟ್ಯಾಂಗನ್ಯೀಕ ಸರೋವರದ ನೀರಿನ ಪಿಎಚ್ ಸುಮಾರು 9. ಅಲ್ಲಿಯ ಸಿಕ್ಲಿಡ್ ಮೀನುಗಳಿಗೆ ಸುಣ್ಣಕಲ್ಲು ಉಪಕಾರಿಯೇ. ಅಮೆಜಾನ್ ಪ್ರದೇಶದ ಮೆದುವಾದ ಆಮ್ಲೀಯ ಹೊಳೆಗಳ ನಿಯಾನ್ ಟೆಟ್ರಾ ಮೀನಿಗೆ ಅದು ಒಗ್ಗದು. ಇದಕ್ಕಿಂತ ಗುರುತರವಾದುದು ಅಮೋನಿಯದ ವಿಷಯ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡ 1ಕ್ಕೂ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದೊಡನೆ ಅದು ಶೇಕಡ 5ನ್ನು ಮೀರುತ್ತದೆ. ಅಮೋನಿಯ ಚೆನ್ನಾಗಿ ಶೋಧನೆಗೊಳ್ಳದ ಹೊಸ ತೊಟ್ಟಿಯಲ್ಲಿ ಈ ಅಂತರ ಪ್ರಾಣಾಂತಿಕವಾಗಬಲ್ಲದು. ಅಲಂಕಾರದ ಕಲ್ಲುಗಳನ್ನು ಶಿಲಾಜಾತಿಯ ಹೆಸರು ಹೇಳಿಯೇ ಮಾರಬೇಕೆಂದು ನಾನು ಬಯಸುವುದು ಈ ಕಾರಣದಿಂದಲೇ.

ಒಣಗಿದ ಕಲ್ಲಿನ ಮೇಲೆ ನಿಂಬೆರಸವನ್ನೋ ವಿನಿಗರನ್ನೋ ತೊಟ್ಟಿಕ್ಕಿಸಿದಾಗ ನೊರೆಗುಳ್ಳೆಗಳು ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ತಿಳಿಯಬಹುದು. ಆದರೆ ಈ ಹುಳಿಗಳು ದುರ್ಬಲವಾದವು. ಡಾಲೊಮೈಟಿನಂಥ ಕಲ್ಲು ಇವಕ್ಕೆ ಸುಲಭವಾಗಿ ಮಣಿಯದು. ಲೋಹದ ಹೊಳಪುಳ್ಳ ಅದಿರುಗಲ್ಲುಗಳ ಅಪಾಯವನ್ನಂತೂ ಈ ಪರೀಕ್ಷೆ ತಿಳಿಸಲಾರದು. ಅಂಥವನ್ನು ತೊಟ್ಟಿಗೆ ಇಳಿಸದಿರುವುದೇ ಯುಕ್ತ. ಉಳಿದವುಗಳ ವಿಷಯದಲ್ಲಿ ಹೆಚ್ಚು ನಂಬತಕ್ಕ ಮಾರ್ಗವೆಂದರೆ, ತೊಟ್ಟಿಗೆ ತುಂಬುವ ನೀರನ್ನೇ ಎರಡು ಬಕೆಟುಗಳಲ್ಲಿ ಹಿಡಿದು, ಒಂದರಲ್ಲಿ ಮಾತ್ರ ಕಲ್ಲನ್ನು ಮುಳುಗಿಸಿ, ಎರಡು ವಾರಗಳ ತರುವಾಯ ಎರಡರ ಗಡಸುತನವನ್ನೂ ಪಿಎಚ್‌ನ್ನೂ ಅಳೆದು ಹೋಲಿಸಿ ನೋಡುವುದು.